ಮಗುವಿನ ಕಣ್ಣಿಗೆ ಗಡುವಿದೆ

ದೊಡ್ಡವರ ಪೊರೆಯನ್ನು ಆರು ತಿಂಗಳು ತಡವಾಗಿ ತೆಗೆದರೂ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ಮಕ್ಕಳಲ್ಲಿ ಹಾಗಲ್ಲ. ನೋಡುವುದನ್ನು ಮಿದುಳು ಕಲಿಯುವುದೇ ಮೊದಲ ಕೆಲವು ವರ್ಷಗಳಲ್ಲಿ. ಕಣ್ಣಿನ ವೈದ್ಯನಾಗಿ ನಾನು ಕಲಿತ ಪಾಠಗಳೆಲ್ಲ ಈ ಗಡುವಿನ ಸುತ್ತಲೇ ಇವೆ.

1. ದಿನ ತುಂಬದೆ ಹುಟ್ಟಿದ ಮಗುವಿನ ಕಣ್ಣನ್ನು 30 ದಿನದೊಳಗೆ ತೋರಿಸಲೇಬೇಕು. 34 ವಾರಕ್ಕೂ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಕೆಲವರಲ್ಲಿ ಅವು ಅಡ್ಡಾದಿಡ್ಡಿ ಬೆಳೆದು ಪಟಲವನ್ನೇ ಎಳೆದು ಕೀಳುತ್ತವೆ. ಇದೇ ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ) ಎಂಬ ರೋಗ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. 28 ವಾರಕ್ಕೂ ಮೊದಲು ಹುಟ್ಟಿದ್ದರೆ ಎರಡು–ಮೂರು ವಾರದಲ್ಲೇ ತಪಾಸಣೆ ಆಗಬೇಕು. ಲೇಸರ್ ಚಿಕಿತ್ಸೆ ಬೇಕೆಂದು ಕಂಡರೆ ಎರಡು–ಮೂರು ದಿನಕ್ಕಿಂತ ಹೆಚ್ಚು ಕಾಯುವಂತಿಲ್ಲ.

ಅಡ್ಡ ಬರುವುದು ಬಾಣಂತನ. "ತಿಂಗಳು ತುಂಬದೆ ಕೂಸನ್ನ ಹೊಸಿಲು ದಾಟಿಸಬಾರದು ಡಾಕ್ಟ್ರೇ" ಎನ್ನುವ ಅಜ್ಜಿಯ ಮಾತು ಪ್ರೀತಿಯದೇ. ಆದ್ದರಿಂದ ತಾಯಿಗೆ ಮಾತ್ರ ಹೇಳಿದರೆ ಸಾಲದು, ಅಜ್ಜಿಯನ್ನೂ ಕೂರಿಸಿಕೊಂಡು ಹೇಳಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ "ತಿಂಗಳ ನಂತರ ಬನ್ನಿ" ಎನ್ನದೆ ತಾರೀಖನ್ನೇ ಬರೆಯಬೇಕು. ವೈದ್ಯರೇ ಎಲ್ಲ ಕಡೆ ಹೋಗಬೇಕಿಲ್ಲ ಎಂಬುದನ್ನು ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆ ತೋರಿಸಿಕೊಟ್ಟಿದೆ: ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾದೊಂದಿಗೆ ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡುತ್ತಾರೆ.

2. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಕಣ್ಣಪಾಪೆ ಬೆಳ್ಳಗೆ ಕಂಡರೆ ಅದೇ ವಾರ ಬನ್ನಿ. ಅದು ಹುಟ್ಟುಪೊರೆಯಾಗಿರಬಹುದು, ಕಣ್ಣಿನ ಕ್ಯಾನ್ಸರ್ ಕೂಡ ಆಗಿರಬಹುದು. ಹುಟ್ಟಿನಿಂದಲೇ ದಟ್ಟ ಪೊರೆಯಿದ್ದರೆ ಮೊದಲ ಎರಡು ತಿಂಗಳೊಳಗಿನ ಶಸ್ತ್ರಚಿಕಿತ್ಸೆಯೇ ಒಳ್ಳೆಯದು. "ದೊಡ್ಡದಾಗಲಿ, ಆಮೇಲೆ ನೋಡೋಣ" ಎಂಬ ಸಲಹೆಯಷ್ಟು ಹಾನಿ ಮಾಡಿದ್ದು ಬೇರೊಂದಿಲ್ಲ. ಆಪರೇಷನ್ ಆದ ಮೇಲೂ ವರ್ಷಗಟ್ಟಲೆ ಕನ್ನಡಕ, ಕಣ್ಣಿಗೆ ಕಟ್ಟುವ ಪಟ್ಟಿ ಇದ್ದೇ ಇರುತ್ತವೆ.

3. ಮೆಳ್ಳೆಗಣ್ಣು ಅದೃಷ್ಟವಲ್ಲ. ನಾಲ್ಕು ತಿಂಗಳು ಕಳೆದರೂ ಕಣ್ಣು ಓರೆಯಾಗಿದ್ದರೆ ತೋರಿಸಿ.

4. ಮಂಜಾಗಿ ಕಾಣುವ ಮಗು ದೂರುವುದಿಲ್ಲ. ಲೋಕ ಎಲ್ಲರಿಗೂ ಹಾಗೇ ಕಾಣುತ್ತದೆಂದು ಅದು ತಿಳಿದಿರುತ್ತದೆ. ಶಾಲೆಯಲ್ಲಿ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ ಪರೀಕ್ಷಿಸಿ. ಬೆರಳುಗಳಿಂದ ಮುಚ್ಚಿದರೆ ಸಂದಿಯಲ್ಲಿ ಇಣುಕುತ್ತಾರೆ. ಎಷ್ಟು ಕನ್ನಡಕ ಹಂಚಿದೆವು ಎಂಬ ಲೆಕ್ಕಕ್ಕೆ ನಾನು ಬೆಲೆ ಕೊಡುವುದಿಲ್ಲ. ಮೂರು ತಿಂಗಳಾದ ಮೇಲೆ ಎಷ್ಟು ಮಕ್ಕಳು ಹಾಕಿಕೊಂಡಿದ್ದಾರೆ ನೋಡಿ. ಹುಡುಗಿಯರ ಕನ್ನಡಕ ಚೀಲ ಸೇರುವುದು ಹೆಚ್ಚು, ಮದುವೆಯ ಮಾತು ಅಷ್ಟು ಬೇಗ ಕಿವಿಗೆ ಬಿದ್ದಿರುತ್ತದೆ. ಫ್ರೇಮನ್ನು ಮಗುವೇ ಆರಿಸಲಿ.

5. ಎಲೆಯಡಿಕೆಯ ಸುಣ್ಣದ ಪೊಟ್ಟಣ ಹಿಚುಕಿದಾಗ ಸಿಡಿದು ಕಣ್ಣು ಸುಡುತ್ತದೆ. ತಕ್ಷಣ ಶುದ್ಧ ನೀರು ಸುರಿಯುತ್ತಾ ಅರ್ಧ ಗಂಟೆ ತೊಳೆಯಿರಿ, ಆಮೇಲೆ ಆಸ್ಪತ್ರೆಗೆ ಓಡಿ. ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಏನನ್ನೂ ಬಿಡಬೇಡಿ. ಸುಣ್ಣವನ್ನು ಇವತ್ತೇ ಮಕ್ಕಳ ಕೈಗೆಟುಕದ ಕಡೆ ಎತ್ತಿಡಿ.