ಆಟದ ನಡುವೆ ಕಂಪ್ಯೂಟರ್ ಕಲ್ಲಾದರೆ

ಆಟ ರಂಗೇರಿದಾಗಲೇ ಪರದೆ ಕಲ್ಲಾಗಿ ನಿಂತಿತೇ? ಗ್ರಾಫಿಕ್ಸ್ ಕಾರ್ಡನ್ನು ಶಪಿಸಿ ಹೊಸದಕ್ಕೆ ದುಡ್ಡು ಸುರಿಯಬೇಡಿ. ಮೊದಲು ಬಿಸಿ ನೋಡಿ: ಆಡುವಾಗ ಪ್ರೊಸೆಸರ್ 95 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಫ್ಯಾನಿನ ಧೂಳು ತೆಗೆಯಿರಿ, ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಬಿಸಿ ಹದವಾಗಿದ್ದರೆ ಮುಂದೆ ರ‍್ಯಾಮ್‌ನ ಸರದಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿ, ರಾತ್ರಿಯಿಡೀ ಮೆಮ್‌ಟೆಸ್ಟ್86 ಓಡಿಸಿ. ಒಂದೇ ದೋಷ ಕಂಡರೂ ಸ್ಟಿಕ್‌ಗಳನ್ನು ಒಂದೊಂದಾಗಿ ಹಾಕಿ ಕಳ್ಳನನ್ನು ಹಿಡಿಯಿರಿ. ಆಟ ತಡೆತಡೆದು ಸಾಗಿದರೆ ಡಿಸ್ಕ್‌ನ ಆರೋಗ್ಯ ಪರೀಕ್ಷಿಸಿ. ಭಾರ ಬಿದ್ದ ಕೂಡಲೇ ಯಂತ್ರ ತಾನಾಗಿ ರೀಸ್ಟಾರ್ಟ್ ಆದರೆ ಅನುಮಾನ ಪವರ್ ಸಪ್ಲೈ ಮೇಲಿರಲಿ. ಗೆಳೆಯರದ್ದನ್ನು ಅದರದೇ ಕೇಬಲ್ ಸಮೇತ ಕಡ ತಂದು ಜೋಡಿಸಿ ನೋಡಿ. ನೆನಪಿರಲಿ, ಸಲಕ್ಕೆ ಒಂದನ್ನೇ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ರೋಗ ವಾಸಿಯಾದರೂ ಅದರ ಮೂಲ ತಿಳಿಯದು.