ವಿದ್ಯುತ್ ಮಾರ್ಗವಿಲ್ಲದ ಜಮೀನು ಕೊಳ್ಳುವ ಮುನ್ನ: ಸ್ಥಳ ಪರಿಶೀಲನೆಯ ಪಾಠ

ಅಂಗಡಿಗೆ ಬಂದ ಶೇಂಗಾ ಚೀಲವನ್ನು ಬಿಚ್ಚಿ, ನಾಲ್ಕು ಕಾಯಿ ಒಡೆದು, ಕಾಳನ್ನು ಅಂಗೈಯಲ್ಲಿ ಹಿಡಿದು ನೋಡದ ಹೊರತು ನಮ್ಮ ವರ್ತಕರಲ್ಲಿ ಯಾರೂ ದರ ಹೇಳುವುದಿಲ್ಲ. ಆದರೆ ಅದೇ ವರ್ತಕರು ಜಮೀನು ನೋಡಲು ಹೋದಾಗ ಮಧ್ಯವರ್ತಿಯ ವಾಹನದಲ್ಲಿ ಕುಳಿತು, ಹುಣಸೆ ಮರದ ನೆರಳಿನಲ್ಲಿ ಅರ್ಧ ಗಂಟೆ ಕಳೆದು, ಮುಂಗಡ ಕೊಟ್ಟು ಬರುವುದುಂಟು. ಹತ್ತು ಚೀಲ ಸರಕಿಗೆ ತೋರುವ ಎಚ್ಚರವನ್ನು ಜೀವಮಾನದ ಗಳಿಕೆಗೆ ತೋರದಿರುವುದು ವ್ಯಾಪಾರ ಧರ್ಮಕ್ಕೆ ಒಪ್ಪತಕ್ಕದ್ದಲ್ಲ.

1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳು ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳುವುದನ್ನು ಬಹುಕಾಲ ನಿರ್ಬಂಧಿಸಿದ್ದವು. 2020ರ ತಿದ್ದುಪಡಿಯಿಂದ ಅವು ರದ್ದಾದವು. ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಬಾಗಿಲು ತೆರೆಯಿತು. ತಪ್ಪು ಮಾಡುವ ಅವಕಾಶವೂ ತೆರೆಯಿತು. ಈ ಲೇಖನದಲ್ಲಿ ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಭಾಗದಲ್ಲಿ, ಹಿಂದಿನ 13ನೇ ಹಾಗೂ ಈಗಿನ 50ನೇ ರಾಷ್ಟ್ರೀಯ ಹೆದ್ದಾರಿಯಿಂದ ಒಳಗೆ, ವಿದ್ಯುತ್ ಕಂಬ ತಲುಪದ ನಾಲ್ಕೈದು ಎಕರೆಯ ಜಮೀನೊಂದನ್ನು ನೋಡಲು ಹೋಗುವವರು ಗಮನಿಸಬೇಕಾದ ಸಂಗತಿಗಳನ್ನು ಕ್ರಮವಾಗಿ ವಿವರಿಸಲಾಗಿದೆ.

ಮೂಲತತ್ತ್ವ ಒಂದೇ. ಇಂತಹ ಜಮೀನಿನ ಕಡಿಮೆ ದರ ರಿಯಾಯಿತಿಯಲ್ಲ. ಅಲ್ಲಿ ಇಲ್ಲದಿರುವ ಸೌಕರ್ಯಗಳ ವೆಚ್ಚವನ್ನು ಕೊಳ್ಳುವವನ ತಲೆಗೆ ಹೊರಿಸಿದ ದರ ಅದು. ಇಲ್ಲದ್ದನ್ನು ಪಟ್ಟಿ ಮಾಡಿ ಅದಕ್ಕೆ ಬೆಲೆ ಕಟ್ಟುವುದೇ ಸ್ಥಳ ಪರಿಶೀಲನೆ.

1. ಕಾಲ

ಮಳೆಗಾಲ ಮುಗಿದೊಡನೆ ಎಲ್ಲ ಹೊಲವೂ ಹಸಿರು, ಎಲ್ಲ ಬಾವಿಯೂ ತುಂಬಿರುತ್ತದೆ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಒಮ್ಮೆ ನೋಡದೆ ನಿರ್ಧಾರಕ್ಕೆ ಬರಬಾರದು. ಒಂದು ರಾತ್ರಿಯನ್ನೂ ಅಲ್ಲಿ ಕಳೆಯುವುದು ಒಳ್ಳೆಯದು. ಗುಡೇಕೋಟೆಯ ಕರಡಿಧಾಮ ಇದೇ ತಾಲ್ಲೂಕಿನಲ್ಲಿದೆ. ಗುಡ್ಡದ ಸಮೀಪದ ಹೊಲಗಳಿಗೆ ಕರಡಿ, ಹಂದಿಗಳು ಬರುತ್ತವೆಯೇ, ಬೇಲಿಗೆ ಎಷ್ಟು ವೆಚ್ಚವಾದೀತು ಎಂಬುದು ನೆರೆಹೊಲದವರನ್ನು ವಿಚಾರಿಸಿದರೆ ತಿಳಿಯುತ್ತದೆ. ಧಾಮದ ಅಂಚಿನಲ್ಲಿದ್ದರೆ ಪರಿಸರ ಸೂಕ್ಷ್ಮ ವಲಯದ ನಿರ್ಬಂಧಗಳಿವೆಯೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಬೇಕು.

2. ದಾರಿ

ಹೆದ್ದಾರಿಯಿಂದ ಹೊಲದವರೆಗಿನ ದಾರಿಯನ್ನು ಒಮ್ಮೆ ನಡೆದೇ ನೋಡತಕ್ಕದ್ದು. ಗ್ರಾಮ ನಕ್ಷೆಯಲ್ಲಿ ಬಂಡಿದಾರಿ ಗುರುತಾಗಿದೆಯೇ ಅಥವಾ ಪಕ್ಕದ ಹೊಲದವನ ಸೌಜನ್ಯದಿಂದ ಮಾತ್ರ ನಡೆದಾಡುತ್ತಿರುವ ದಾರಿಯೇ ಎಂಬುದು ಮುಖ್ಯ. ಸೌಜನ್ಯ ಮಾರುವವನೊಡನೆ ಇದ್ದದ್ದು. ಅದು ಕ್ರಯಪತ್ರದೊಂದಿಗೆ ವರ್ಗವಾಗುವುದಿಲ್ಲ. 1882ರ ಅನುಭೋಗ ಹಕ್ಕುಗಳ ಕಾಯ್ದೆ ಅನಿವಾರ್ಯ ದಾರಿಯ ಹಕ್ಕನ್ನು ಮಾನ್ಯ ಮಾಡುತ್ತದೆಯಾದರೂ ಅದನ್ನು ನ್ಯಾಯಾಲಯದಲ್ಲಿ ಸಾಧಿಸುವಷ್ಟರಲ್ಲಿ ಹಲವು ಹಂಗಾಮುಗಳು ಕಳೆದಿರುತ್ತವೆ. ದಾರಿ ನಕ್ಷೆಯಲ್ಲಿಲ್ಲದಿದ್ದರೆ, ಪಕ್ಕದ ಹೊಲದವನಿಂದ ನೋಂದಾಯಿತ ದಾರಿಪತ್ರ ದೊರೆತ ನಂತರವೇ ಮುಂಗಡದ ಮಾತು.

3. ನೀರು

ನಮ್ಮದು ಕಗ್ಗಲ್ಲಿನ ಪ್ರದೇಶ. ನೀರು ಬಂಡೆಯ ಬಿರುಕುಗಳಲ್ಲಿ ಮಾತ್ರ ನಿಲ್ಲುವುದರಿಂದ ಒಂದು ಕೊಳವೆ ಬಾವಿಯಲ್ಲಿ ನೀರಿದ್ದು ಐವತ್ತು ಮಾರು ದೂರದ ಇನ್ನೊಂದು ಬರಿದಾಗಿರಬಹುದು. “ಎರಡು ಇಂಚು ನೀರು” ಎಂಬ ಮಾತನ್ನು ನಂಬಿ ಕೂರಬಾರದು. ಡೀಸೆಲ್ ಪಂಪು ಅಥವಾ ಜನರೇಟರ್ ಬಾಡಿಗೆಗೆ ತಂದು ಕನಿಷ್ಠ ಆರು ಗಂಟೆ ಎಡೆಬಿಡದೆ ಓಡಿಸಿ, ಗಂಟೆಗೊಮ್ಮೆ 200 ಲೀಟರ್ ಡ್ರಮ್ ತುಂಬಲು ಹಿಡಿಯುವ ಸಮಯವನ್ನು ಬರೆದಿಡಬೇಕು.

ಆರನೆಯ ಗಂಟೆಯಲ್ಲೂ ಡ್ರಮ್ 100 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 2 ಲೀಟರ್, ಗಂಟೆಗೆ 7,200 ಲೀಟರ್. ದಿನಕ್ಕೆ ಆರು ಗಂಟೆ ಓಡಿಸಿದರೆ 43,200 ಲೀಟರ್. ಒಂದು ಎಕರೆಗೆ 5 ಮಿಲಿಮೀಟರ್ ನೀರು ಹಾಯಿಸಲು ಸುಮಾರು 20,000 ಲೀಟರ್ ಬೇಕು. ಅಂದರೆ ಆ ಬಾವಿ ಬೇಸಿಗೆಯಲ್ಲಿ ಎರಡು ಎಕರೆಯನ್ನು ಮಾತ್ರ ಸಾಕಬಲ್ಲದು. ಮಾರುವವರು ಐದು ಎಕರೆಯನ್ನೂ ನೀರಾವರಿ ಎಂದು ಹೇಳಿದ್ದರೆ ಉಳಿದ ಮೂರಕ್ಕೆ ಒಣಭೂಮಿಯ ದರವೇ ಸರಿ.

ಕುಡಿಯುವ ನೀರಿನ ಪರೀಕ್ಷೆಯೂ ಅಗತ್ಯ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಆ ನೀರು ಕುಡಿಯಲು ತಕ್ಕದ್ದಲ್ಲ. ತುಂಗಭದ್ರೆಯಿಂದ ತಾಲ್ಲೂಕಿನ ಕೆರೆಗಳನ್ನು ತುಂಬಿಸುವ ಯೋಜನೆಯನ್ನು ತೋರಿಸಿ ದರ ಏರಿಸುವವರಿದ್ದಾರೆ. ಯಾವ ಕೆರೆ, ಹೊಲ ಅದರ ಕೆಳಗಿದೆಯೋ ಮೇಲಿದೆಯೋ ಎಂದು ಕೇಳದೆ ಆ ಮಾತಿಗೆ ಬೆಲೆ ಕೊಡಬಾರದು.

4. ವಿದ್ಯುತ್

ರಾಜ್ಯದಲ್ಲಿ 10 ಎಚ್.ಪಿ.ವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ದೊರೆಯುತ್ತದೆ. ಮಾರ್ಗವಿಲ್ಲದ ಜಮೀನು ಈ ಸೌಲಭ್ಯದಿಂದ ಹೊರಗುಳಿಯುತ್ತದೆ. ಹತ್ತಿರದ ಕಂಬ ಎಷ್ಟು ಮೀಟರ್ ದೂರದಲ್ಲಿದೆ ಎಂದು ಅಳೆದು, ಮಾರ್ಗ ಎಳೆಯುವ ಅಂದಾಜನ್ನು ಜೆಸ್ಕಾಂ ಕಚೇರಿಯಿಂದ ಲಿಖಿತವಾಗಿ ಪಡೆಯಬೇಕು. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯಡಿ ಸೌರ ಪಂಪ್‌ಗಳಿಗೆ ಸಹಾಯಧನ ಉಂಟು. ಆದರೆ ಮಂಜೂರಾತಿ ಕೈಗೆ ಬರುವವರೆಗೆ ಅದನ್ನು ಜಮಾ ಬದಿಯಲ್ಲಿ ಬರೆಯಬಾರದು. ಬಾವಿ ಆಳವಾದಷ್ಟೂ ಪಂಪು ದೊಡ್ಡದಾಗುತ್ತದೆ, ಸೌರ ಫಲಕಗಳೂ ಹೆಚ್ಚುತ್ತವೆ.

ತೋಟದ ಮನೆಯಲ್ಲಿ ಈಗಾಗಲೇ ಸೌರ ವ್ಯವಸ್ಥೆ ಇದ್ದರೆ ದೀಪ ಬೆಳಗುವುದನ್ನು ನೋಡಿ ತೃಪ್ತರಾಗಬಾರದು. ಬ್ಯಾಟರಿಯ ಮೇಲಿನ ತಯಾರಿಕಾ ದಿನಾಂಕ ನೋಡಿ. 12 ವೋಲ್ಟ್, 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಸಂಗ್ರಹ 1.8 ಯೂನಿಟ್, ಬಾಳಿಕೆಯ ದೃಷ್ಟಿಯಿಂದ ಅದರ ಅರ್ಧವನ್ನಷ್ಟೇ ಬಳಸುವುದು ಲೇಸು. ಐದು ದೀಪ, ಎರಡು ಫ್ಯಾನು, ಒಂದು ಟಿ.ವಿ. ರಾತ್ರಿಗೆ ಒಂದು ಯೂನಿಟ್ ಮೀರುತ್ತವೆ. ಫ್ರಿಜ್ ಬೇಕೆಂದರೆ ಲೆಕ್ಕವೇ ಬೇರೆ. ಎಣ್ಣೆ ಗಾಣ, ಹುಣಸೆ ಸಂಸ್ಕರಣೆ ಮುಂತಾದ ಘಟಕ ಹಾಕುವ ಯೋಚನೆಯುಳ್ಳ ಉದ್ಯಮಿಗಳಿಗೆ ತ್ರಿಫೇಸ್ ಮಾರ್ಗ ಬೇಕಾಗುತ್ತದೆ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂನಡಿ ಭೂ ಪರಿವರ್ತನೆಯ ನಿಯಮಗಳನ್ನೂ ಮೊದಲೇ ತಿಳಿದುಕೊಳ್ಳಬೇಕು.

5. ಕಾಗದಪತ್ರ

ಸ್ಥಳಕ್ಕೆ ಹೋಗುವಾಗ ಪಹಣಿ ಕೈಯಲ್ಲಿರಲಿ. ಹಳೆಯ ಮದ್ರಾಸ್ ಪ್ರಾಂತ್ಯದಿಂದ 1953ರಲ್ಲಿ ಮೈಸೂರಿಗೆ ಸೇರಿದ ನಮ್ಮ ಭಾಗದಲ್ಲಿ ಎಕರೆ-ಸೆಂಟ್ಸ್ ಲೆಕ್ಕದ ರೂಢಿಯಿದೆ. ಎಕರೆಗೆ 100 ಸೆಂಟ್ಸ್, ಗುಂಟೆಯಾದರೆ 40. “ನಾಲ್ಕು-ಇಪ್ಪತ್ತು” ಎಂಬುದನ್ನು ಗುಂಟೆಯೆಂದು ಓದಿದವನಿಗೆ ನಾಲ್ಕೂವರೆ ಎಕರೆ ಕಾಣುತ್ತದೆ, ವಾಸ್ತವದಲ್ಲಿ ಇರುವುದು ನಾಲ್ಕು ಎಕರೆ ಇಪ್ಪತ್ತು ಸೆಂಟ್ಸ್. ಖರಾಬು ಕಳೆದು ಉಳಿದ ವಿಸ್ತೀರ್ಣಕ್ಕೇ ದರ ಕಟ್ಟಬೇಕು. ‘ಬ’ ಖರಾಬು ಹಳ್ಳ, ದಾರಿ ಮುಂತಾದ ಸಾರ್ವಜನಿಕ ಬಳಕೆಗೆ ಮೀಸಲಾದದ್ದು. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ.

ಜಮೀನು ಮಾರುವವರ ವಂಶಕ್ಕೆ ಹೇಗೆ ಬಂತು ಎಂಬುದು ಎಲ್ಲಕ್ಕಿಂತ ಮುಖ್ಯ. ಅದು ಪರಿಶಿಷ್ಟ ಜಾತಿ ಅಥವಾ ಪಂಗಡದ ಕುಟುಂಬಕ್ಕೆ ಸರ್ಕಾರದಿಂದ ಮಂಜೂರಾದ ಭೂಮಿಯಾಗಿದ್ದರೆ, 1978ರ ಪರಭಾರೆ ನಿಷೇಧ ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದ ಕ್ರಯ ಅಸಿಂಧು. ಭೂಮಿ ಮೂಲ ಮಂಜೂರುದಾರರಿಗೆ ಮರಳುತ್ತದೆ. ವಿಳಂಬವಾಯಿತೆಂಬ ನೆವವೂ ಉಳಿಯದಂತೆ 2023ರಲ್ಲಿ ಈ ಕಾಯ್ದೆಗೆ ತಿದ್ದುಪಡಿಯಾಗಿದೆ. ನಡುವೆ ಹಲವು ಕೈ ಬದಲಾಗಿದ್ದರೂ ಮೂಲ ಮಂಜೂರಾತಿ ಕಡತವನ್ನು ತಾಲ್ಲೂಕು ಕಚೇರಿಯಲ್ಲಿ ನೋಡಲೇಬೇಕು. ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳ ಸಹಿಯನ್ನು ಮರೆಯುವಂತಿಲ್ಲ. 2005ರ ತಿದ್ದುಪಡಿ ಅವರಿಗೆ ಗಂಡುಮಕ್ಕಳಿಗೆ ಸಮಾನವಾದ ಹಕ್ಕು ನೀಡಿದೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಋಣಭಾರ ಪತ್ರವನ್ನೂ ಪಡೆಯಿರಿ.

ಮುಂಗಡದ ವಿಷಯದಲ್ಲಿ ಒಂದು ಎಚ್ಚರಿಕೆ. 2015ರ ಜೂನ್ 1ರಿಂದ ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನು ಅವಕಾಶ ಕೊಡುವುದಿಲ್ಲ. ಬ್ಯಾಂಕಿನ ಮೂಲಕವೇ ಕೊಡಿ.

6. ಲೆಕ್ಕ

ಉದಾಹರಣೆಗಾಗಿ ಮಾತ್ರ ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಪಹಣಿಯಲ್ಲಿ 5 ಎಕರೆ, ಎಕರೆಗೆ 8 ಲಕ್ಷದಂತೆ ಕೇಳಿದ್ದು 40 ಲಕ್ಷ. ಸೌರ ಪಂಪಿಗೆ 3.5 ಲಕ್ಷ, ಮನೆಯ ಸೌರ ವ್ಯವಸ್ಥೆಗೆ 1.5 ಲಕ್ಷ, ದಾರಿಗೆ 2 ಲಕ್ಷ, ಬೇಲಿಗೆ 2 ಲಕ್ಷ, ಒಟ್ಟು 9 ಲಕ್ಷ. ಖರಾಬು 60 ಸೆಂಟ್ಸ್ ಕಳೆದರೆ ಉಳಿಯುವುದು 4.40 ಎಕರೆ. 49 ಲಕ್ಷವನ್ನು 4.40ರಿಂದ ಭಾಗಿಸಿದರೆ ಎಕರೆಗೆ 11 ಲಕ್ಷ ಮೀರುತ್ತದೆ. ರಸ್ತೆ ಬದಿಯಲ್ಲಿ ಕಂಬ, ದಾರಿ ಎರಡೂ ಇರುವ ಜಮೀನು ಹತ್ತೂವರೆ ಲಕ್ಷಕ್ಕೆ ದೊರೆಯುವುದಾದರೆ ಅಗ್ಗವಾದದ್ದು ಯಾವುದು?

ಕೊನೆಯದಾಗಿ, ವ್ಯಾಪಾರದ ದುಡಿಯುವ ಬಂಡವಾಳದಿಂದ ಜಮೀನು ಕೊಳ್ಳಬಾರದು. ಹಂಗಾಮಿನಲ್ಲಿ ಸರಕಿಗೆ ಹಣ ಬೇಕಾದಾಗ ಹೊಲ ಒಂದು ವಾರದಲ್ಲಿ ಮಾರಾಟವಾಗುವುದಿಲ್ಲ. ಅಂಗಡಿಯ ಹೆಸರು ಮಾತ್ರ ಒಂದೇ ವಾರದಲ್ಲಿ ಕೆಡುತ್ತದೆ.

ಹೀಗೆ ಹಾಕಿದ ಲೆಕ್ಕವನ್ನು ಮಾರುವವರ ಮುಂದೆಯೂ ತೆರೆದಿಡುವುದು ಉಚಿತ. ಮಗಳ ಮದುವೆಗೋ ಸಾಲಕ್ಕೋ ಹೊಲ ಮಾರುತ್ತಿರುವ ರೈತ ನಾಳೆ ನಮ್ಮ ಅಂಗಡಿಗೇ ಬರುವವನು. ಅವನ ಅವಸರವನ್ನು ಹಿಡಿದು ಜಗ್ಗಿ ಇಳಿಸಿದ ದರಕ್ಕಿಂತ, ಡ್ರಮ್ಮಿನ ನೀರು ಮತ್ತು ಪಹಣಿಯ ಸೆಂಟ್ಸ್ ತೋರಿಸಿ ಒಪ್ಪಿಸಿದ ದರ ಗಟ್ಟಿ. ಅಂತಹ ಕ್ರಯಕ್ಕೆ ಎರಡೂ ಕಡೆಯವರು ನೆಮ್ಮದಿಯಿಂದ ಸಹಿ ಹಾಕಬಹುದು.