ಕೀಲಿಕೈ ಯಾರ ಬಳಿ ಇರಬೇಕು

ಸಂಸ್ಥೆಯ ಇಮೇಲ್ ನೋಡಿಕೊಳ್ಳುವ ಕೆಲಸ ನಿನ್ನ ಪಾಲಿಗೆ ಬಂದಿದೆ ಎಂದು ಕೇಳಿ ಸಂತೋಷವಾಯಿತು, ಮಗಳೇ. ನಮ್ಮದೇ ಸರ್ವರಿನಲ್ಲಿ ರೌಂಡ್‌ಕ್ಯೂಬ್ ಹಾಕುತ್ತೇನೆ, ಎನ್‌ಕ್ರಿಪ್ಷನ್ ಕೂಡ ಇದೆ, ದುಡ್ಡು ಕೊಡಬೇಕಿಲ್ಲ ಎಂದೆಯಲ್ಲ, ಆಯ್ಕೆ ಚೆನ್ನಾಗಿದೆ. ಇಮೇಲನ್ನು ಬ್ರೌಸರಿನಲ್ಲೇ ಓದಿ ಬರೆಯಲು 2005ರಲ್ಲಿ ಥಾಮಸ್ ಬ್ರೂಡರ್ಲಿ ಶುರುಮಾಡಿದ ಮುಕ್ತ ತಂತ್ರಾಂಶ ಅದು. ಇಂದಿಗೂ ಅದನ್ನು ತಿದ್ದುವವರಿದ್ದಾರೆ. ಉಚಿತ ತಂತ್ರಾಂಶ ಆರಿಸುವಾಗ ಮೊದಲು ನೋಡಬೇಕಾದ್ದು ಇದನ್ನೇ. ಇದೇ ಕೆಲಸ ಮಾಡುವ, ಒಂದು ಕಾಲಕ್ಕೆ ಎಲ್ಲೆಲ್ಲೂ ಇದ್ದ ಸ್ಕ್ವಿರಲ್‌ಮೇಲ್‌ನ ಕೊನೆಯ ಸ್ಥಿರ ಆವೃತ್ತಿ ಬಂದದ್ದು 2011ರಲ್ಲಿ.

ಆದರೆ ಎನ್‌ಕ್ರಿಪ್ಷನ್ ಇದೆ ಅಂದಮಾತ್ರಕ್ಕೆ ನಿಶ್ಚಿಂತಳಾಗಬೇಡ. ಅದು ಯಾರಿಂದ ಕಾಪಾಡುತ್ತದೆ ಎಂದು ಕೇಳಿಕೋ. ವಿಳಾಸದ ಮೊದಲಲ್ಲಿ ಬರುವ ಎಚ್‌ಟಿಟಿಪಿಎಸ್ ಕಾಯುವುದು ದಾರಿಯನ್ನು ಮಾತ್ರ. ಅದು ಇರಲೇಬೇಕು, ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಪ್ರಮಾಣಪತ್ರ ಪುಕ್ಕಟೆ ಸಿಗುತ್ತದೆ. ಆದರೆ ಪತ್ರ ಸರ್ವರ್ ಮುಟ್ಟಿದ ಮೇಲೆ ಬಿಡಿಸಿಟ್ಟ ಹಾಗೆಯೇ ಇರುತ್ತದೆ. ಯಾರದೋ ಕಾಯಿಲೆಯ ವರದಿ, ಮೇಲಧಿಕಾರಿಯ ಮೇಲೆ ಒಬ್ಬ ಹುಡುಗಿ ಕೊಟ್ಟ ದೂರು, ಎಲ್ಲವೂ ನಿನ್ನ ಕೈಗೆಟುಕುತ್ತವೆ. ನೀನು ಓದುವವಳಲ್ಲ, ನನಗೆ ಗೊತ್ತು. ನಾಳೆ ನಿನ್ನ ಜಾಗಕ್ಕೆ ಬರುವವರ ಬಗ್ಗೆ, ನಿನ್ನ ಪಾಸ್‌ವರ್ಡ್ ಕದಿಯುವವರ ಬಗ್ಗೆ ಈ ಮಾತು ಹೇಳಲಾರೆ. ಬೇಕೆಂದರೂ ನೀನು ಓದಲಾಗದಂತೆ ವ್ಯವಸ್ಥೆ ಕಟ್ಟು. ಇದೊಂದನ್ನು ಬಿಡಬೇಡ.

ಅಮೆರಿಕದ ಲಾವಾಬಿಟ್ ಕಥೆ ನಿನಗೆ ಗೊತ್ತಿರಬೇಕು. ಸರ್ಕಾರದ ಗುಟ್ಟುಗಳನ್ನು ಬಯಲು ಮಾಡಿದ ಎಡ್ವರ್ಡ್ ಸ್ನೋಡನ್ ಬಳಸುತ್ತಿದ್ದ ಇಮೇಲ್ ಸೇವೆ ಅದು. ಇಡೀ ಸೇವೆಯನ್ನು ಕಾಯುತ್ತಿದ್ದ ಕೀಲಿಕೈ ಕೊಡಿ ಎಂದು 2013ರಲ್ಲಿ ನ್ಯಾಯಾಲಯ ಆದೇಶಿಸಿತು. ನಡೆಸುತ್ತಿದ್ದ ಲಾಡಾರ್ ಲೆವಿಸನ್ ಹಿಂದೇಟು ಹಾಕಿದರು. ಕಡೆಗೆ ಕೊಡಲೇಬೇಕಾಗಿ ಬಂದಾಗ, ಆಗಸ್ಟ್‌ನಲ್ಲಿ ಸೇವೆಯನ್ನೇ ಮುಚ್ಚಿಬಿಟ್ಟರು. ಪ್ರಾಮಾಣಿಕ ಮನುಷ್ಯ. ಆದರೆ ಅವರ ಬಳಿ ಕೀಲಿಕೈ ಇದ್ದದ್ದರಿಂದಲೇ ಅದನ್ನು ಕೇಳಲು ಸಾಧ್ಯವಾಯಿತು.

ಇದಕ್ಕೆ ಪರಿಹಾರವಾಗಿ ಫಿಲ್ ಜಿಮ್ಮರ್‌ಮನ್ 1991ರಲ್ಲೇ ಬರೆದುಕೊಟ್ಟ ಪಿಜಿಪಿ ಇದೆ. ಬರೆಯುವವರು ಓದುವವರ ಸಾರ್ವಜನಿಕ ಕೀಲಿಕೈ ಬಳಸಿ ಪತ್ರವನ್ನು ಮುಚ್ಚುತ್ತಾರೆ. ತೆರೆಯಲು ಓದುವವರ ಖಾಸಗಿ ಕೀಲಿಕೈ ಬೇಕೇ ಬೇಕು. ರೌಂಡ್‌ಕ್ಯೂಬ್ 2016ರಲ್ಲಿ ಬಂದ 1.2ನೇ ಆವೃತ್ತಿಯಿಂದ ಇದಕ್ಕೆ ಎರಡು ದಾರಿ ಕೊಟ್ಟಿದೆ. ಎನಿಗ್ಮಾ ಎಂಬ ಪ್ಲಗಿನ್ ಹಾಕಿದರೆ ಖಾಸಗಿ ಕೀಲಿಕೈಗಳು ನಿನ್ನ ಸರ್ವರಿನಲ್ಲೇ ಕೂರುತ್ತವೆ, ಪತ್ರ ತೆರೆಯುವ ಕೆಲಸವೂ ಅಲ್ಲೇ ನಡೆಯುತ್ತದೆ. ಬಳಸುವವರಿಗೆ ಅನುಕೂಲ, ಆದರೆ ಲಾವಾಬಿಟ್‌ನ ಇಕ್ಕಟ್ಟು ತಪ್ಪಿದಂತಾಗಲಿಲ್ಲ. ಇನ್ನೊಂದು ಮೇಲ್‌ವೆಲೋಪ್, ಬ್ರೌಸರಿಗೆ ಸೇರಿಸುವ ವಿಸ್ತರಣೆ. ಅದರಲ್ಲಿ ಕೀಲಿಕೈ ಆಯಾ ಜನರ ಕಂಪ್ಯೂಟರ್ ಬಿಟ್ಟು ಕದಲುವುದಿಲ್ಲ. ನೀನು ಇದನ್ನೇ ಆರಿಸು.

ಇದರ ಬೆಲೆಯನ್ನು ಮೊದಲೇ ಎಲ್ಲರಿಗೂ ಬಾಯಿಬಿಟ್ಟು ಹೇಳು. ಕೀಲಿಕೈ ಕಳೆದರೆ, ಅದರ ಗುಪ್ತಪದ ಮರೆತರೆ, ಹಳೆಯ ಪತ್ರಗಳು ಹೋದಂತೆಯೇ; ಪಾಸ್‌ವರ್ಡ್ ಬದಲಿಸಿಕೊಟ್ಟ ಹಾಗೆ ನೀನು ಏನೂ ಮಾಡಿಕೊಡಲಾರೆ. ಆದ್ದರಿಂದ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ ಬೀರುವಿನಲ್ಲಿ ಇಟ್ಟುಕೊಳ್ಳಲಿ. ಇನ್ನೊಂದು ಮಾತು, ಪಿಜಿಪಿ ಮುಚ್ಚುವುದು ಪತ್ರದ ಒಳಗನ್ನು ಮಾತ್ರ. ಲಕೋಟೆಯ ಮೇಲಿನ ಬರಹದಂತೆ ಕಳಿಸಿದವರು, ಪಡೆದವರು, ಹೊತ್ತು ಎಲ್ಲ ಬಯಲಾಗಿಯೇ ಇರುತ್ತವೆ. ವಿಷಯದ ಸಾಲೂ ಸಾಮಾನ್ಯವಾಗಿ ಹಾಗೆಯೇ. ದೂರು ಕೊಟ್ಟವಳ ಹೆಸರನ್ನು ಆ ಸಾಲಿನಲ್ಲಿ ಬರೆದರೆ ಒಳಗೆ ಎಷ್ಟು ಭದ್ರ ಮಾಡಿ ಏನು ಬಂತು?

ಎಚ್‌ಟಿಎಮ್‌ಎಲ್ ಪತ್ರಗಳಲ್ಲಿ ಹೊರಗಿನ ಚಿತ್ರಗಳು ತಾವಾಗಿ ತೆರೆಯದಂತೆ ಮಾಡು. 2018ರಲ್ಲಿ ಯುರೋಪಿನ ಸಂಶೋಧಕರು ಬಯಲು ಮಾಡಿದ ಇಫೇಲ್ ದೋಷದಲ್ಲಿ, ಬಿಡಿಸಿದ ಪತ್ರದ ಮಾತುಗಳು ಇಂಥ ಚಿತ್ರದ ಕೊಂಡಿಯ ಮೂಲಕವೇ ಹೊರಗೆ ಸೋರುತ್ತಿದ್ದವು. ಪಿಜಿಪಿಯ ಗಣಿತ ಮುರಿದಿರಲಿಲ್ಲ, ಅದನ್ನು ತೋರಿಸುವ ತಂತ್ರಾಂಶ ಎಡವಿತ್ತು.

ರೌಂಡ್‌ಕ್ಯೂಬ್ ಕೂಡ ಎಡವಿದೆ. 2023ರಲ್ಲಿ ಅದರಲ್ಲಿದ್ದ ಒಂದು ದೋಷ ಎಂಥದ್ದೆಂದರೆ, ಬಂದ ಪತ್ರವನ್ನು ತೆರೆದು ನೋಡಿದರೆ ಸಾಕು, ದಾಳಿಕೋರರ ಕೆಲಸ ಆಗುತ್ತಿತ್ತು. ಯುರೋಪಿನ ಸರ್ಕಾರಿ ಕಚೇರಿಗಳ ಮೇಲೆ ಅದನ್ನು ಬಳಸಿದರು. 2025ರ ಜೂನ್‌ನಲ್ಲಿ ಇನ್ನೊಂದು ಹೊರಬಿತ್ತು. ಲಾಗಿನ್ ಆದ ಯಾವನೇ ಆದರೂ ಸರ್ವರಿನಲ್ಲಿ ತನ್ನ ಪ್ರೋಗ್ರಾಂ ಓಡಿಸಬಹುದಾದ ಆ ದೋಷ 10 ವರ್ಷಕ್ಕೂ ಮಿಕ್ಕಿ ಯಾರ ಕಣ್ಣಿಗೂ ಬೀಳದೆ ಕೂತಿತ್ತು. 1.6.11ನೇ ಆವೃತ್ತಿಯಲ್ಲಿ ಅದನ್ನು ಸರಿಪಡಿಸಿದರು, ಕೆಲವೇ ದಿನಗಳಲ್ಲಿ ದಾಳಿಗಳೂ ಶುರುವಾದವು. ಅಂಥ ದಿನಗಳಲ್ಲಿ ಎಚ್ಚರವಿದ್ದು ಅಪ್‌ಡೇಟ್ ಹಾಕುವುದು ನಿನ್ನ ಜವಾಬ್ದಾರಿ. ದುಡ್ಡು ಉಳಿಯಿತೆಂದು ಸಂಸ್ಥೆ ಖುಷಿಪಟ್ಟರೆ, ಈ ಕೆಲಸಕ್ಕೆ ವಾರದಲ್ಲಿ ಇಷ್ಟು ಗಂಟೆ ಬೇಕು ಎಂದು ಕೇಳಿ ಪಡೆ. ಸಂಕೋಚ ಬೇಡ.

ಜನರ ವಿಷಯದಲ್ಲಿ ಮಾತ್ರ ತಾಳ್ಮೆ ಇರಲಿ. 1999ರಲ್ಲಿ ಆಲ್ಮಾ ವಿಟನ್ ಮತ್ತು ಡೌಗ್ ಟೈಗರ್ 12 ಜನರ ಕೈಗೆ ಪಿಜಿಪಿ ಕೊಟ್ಟು 90 ನಿಮಿಷ ಬಿಟ್ಟು ನೋಡಿದರು. ಸರಿಯಾಗಿ ಕಳಿಸಲು ಬಂದದ್ದು ಮೂರರಲ್ಲಿ ಒಂದು ಪಾಲು ಜನರಿಗೆ. ಕಲಿಯದವರನ್ನು ದಡ್ಡರೆನ್ನಬೇಡ. ಮೊದಲು ದೂರು ಸಮಿತಿಯ ಸದಸ್ಯರನ್ನಷ್ಟೇ ಕರೆದು, ಪಕ್ಕದಲ್ಲಿ ಕೂತು, ಅವರವರ ಕೀಲಿಕೈ ಅವರಿಂದಲೇ ಮಾಡಿಸು. ಒಬ್ಬರ ಕೀಲಿಕೈಯ ಬೆರಳಚ್ಚನ್ನು, ಅಂದರೆ ಅದನ್ನು ಗುರುತಿಸುವ ಅಂಕಿ ಅಕ್ಷರಗಳ ಸಾಲನ್ನು, ಇನ್ನೊಬ್ಬರು ಫೋನಿನಲ್ಲಿ ಓದಿಸಿ ತಾಳೆ ನೋಡಲಿ. ನಿನ್ನ ನೆರವಿಲ್ಲದೆ ಅವರು ಪತ್ರ ಕಳಿಸಿ ಓದಿಕೊಳ್ಳುವ ತನಕ ಉಳಿದವರಿಗೆ ಹಂಚಲು ಹೋಗಬೇಡ.